ಮುಚ್ಚಳದ ಒಳಗಿನ ದನಿ

"ಈ ಲ್ಯಾಪ್‌ಟಾಪ್ ನಿಮ್ಮದಲ್ಲ."

ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ಏನಂದ್ರಿ?"

"ನಿಮ್ಮದಲ್ಲ ಅಂದೆ." ಕೌಂಟರಿನ ಆಚೆ ಕೂತಿದ್ದ ರಿಪೇರಿಯವನು ಕಣ್ಣಿಗೆ ಕಟ್ಟಿಕೊಂಡಿದ್ದ ಭೂತಗನ್ನಡಿಯನ್ನು ಹಣೆಗೆ ಸರಿಸಿ ಅವಳನ್ನು ನೇರವಾಗಿ ನೋಡಿದ. ಮುಖದಲ್ಲಿ ನಗುವಿನ ಸುಳಿವೂ ಇಲ್ಲ! "ಯಾರದು ಅಂತಾನೂ ನನಗೆ ಗೊತ್ತು. ನಿಮ್ಮ ಕೈಗೆ ಹೇಗೆ ಬಂತು ಅಂತ ನೀವೇ ಹೇಳಿಬಿಟ್ಟರೆ ಒಳ್ಳೇದು."

ಅಂದರೆ... ಕಳ್ಳಿ ಅನ್ನುತ್ತಿದ್ದಾನಾ? ನನ್ನನ್ನ?!

ಪಿತ್ತ ನೆತ್ತಿಗೇರಿತು. ಆದರೆ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ನೋಡಿ, ಎಂಥ ವಿಚಿತ್ರ! ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದೇ 'ಮಾತಿನ ಮೇಡಂ' ಎಂದು. ತೊದಲುವ ಮಕ್ಕಳಿಗೆ, ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋದವರಿಗೆ ಮತ್ತೆ ಮಾತು ಕಲಿಸುವ ಥೆರಪಿಸ್ಟ್ ಅವಳು. ದಿನವಿಡೀ ಬೇರೆಯವರ ಬಾಯಿ ಬಿಡಿಸುವವಳಿಗೆ ಈಗ ತನ್ನ ಬಾಯಿಯೇ ಕೈಕೊಟ್ಟಿತ್ತು.

ಅವನು ಬಿಚ್ಚಿಟ್ಟಿದ್ದ ಬೂದು ಬಣ್ಣದ ಮುಚ್ಚಳವನ್ನು, ಅಂದರೆ ಲ್ಯಾಪ್‌ಟಾಪಿನ ಅಡಿಯ ಭಾಗವನ್ನು, ಅವಳ ಕಡೆ ತಿರುಗಿಸಿದ.

"ಇಲ್ಲಿ ಅಚ್ಚು ಹಾಕಿರೋ ಸೀರಿಯಲ್ ನಂಬರ್ ನೋಡಿ. ಈಗ ಇಲ್ಲಿ ನೋಡಿ." ತೆರೆದ ಲ್ಯಾಪ್‌ಟಾಪಿನಿಂದ ಹೊರಟ ಕೇಬಲ್ ಅವನ ಕಂಪ್ಯೂಟರಿಗೆ ಸೇರಿತ್ತು. ಅದರ ಪರದೆಯ ಮೇಲೆ ಇನ್ನೊಂದು ನಂಬರ್. "ಇದು ಒಳಗಿರೋ ಸೆಕ್ಯೂರಿಟಿ ಚಿಪ್ ಹೇಳ್ತಿರೋ ನಂಬರ್. ಯಂತ್ರ ಏಳದಿದ್ದರೂ ಚಿಪ್ ಇನ್ನೂ ಉಸಿರಾಡ್ತಿದೆ. ಎರಡೂ ಒಂದೇ ಇರಬೇಕಿತ್ತು. ಇಲ್ಲ."

"ಇಲ್ಲದಿದ್ದರೆ ಏನಾಯ್ತೀಗ?"

"ಮುಚ್ಚಳದ ಮೇಲಿರೋದು ಬರೀ ಅಚ್ಚು. ಸ್ಕ್ರೂ ಬಿಚ್ಚಿದರೆ ಯಾರು ಬೇಕಾದರೂ ಬದಲಾಯಿಸಬಹುದು. ಚಿಪ್ ಹಾಗಲ್ಲ. ಕಂಪನಿಯಲ್ಲೇ ಅದನ್ನ ಬೋರ್ಡಿಗೆ ಬೆಸೆದು, ನಂಬರನ್ನ ಅದಕ್ಕೆ ಗಂಟು ಹಾಕಿ ಕಳಿಸ್ತಾರೆ. ಕದ್ದವರು ಮೊದಲು ಮಾಡೋ ಕೆಲಸಾನೇ ಮುಚ್ಚಳ, ಇಲ್ಲಾ ಒಳಗಿನ ಬೋರ್ಡನ್ನೇ ಬದಲಾಯಿಸೋದು!"

ಅವನು ಮುಚ್ಚಳದ ಮೂಲೆಯ ಒಂದು ಸ್ಕ್ರೂ ತೋರಿಸಿದ. ಅದರ ತಲೆಯ ಮೇಲೆ ನೀಲಿ ನೇಲ್ ಪಾಲಿಶಿನ ಪುಟ್ಟ ಚುಕ್ಕೆ.

"ಇದು ನನ್ನ ಗುರುತು. ನಾನು ಕೆಲಸ ಮುಗಿಸಿ ಮುಚ್ಚಿದ ಪ್ರತಿ ಯಂತ್ರಕ್ಕೂ ಇಡ್ತೀನಿ. ಈ ಮುಚ್ಚಳದ ನಂಬರ್ ನನ್ನ ಪುಸ್ತಕದಲ್ಲಿ ಕೋರ್ಟ್ ಎದುರಿನ ವಕೀಲರ ಹೆಸರಲ್ಲಿದೆ. ಈಗ ತಾನೇ ಫೋನ್ ಮಾಡಿದೆ. ಅವರ ಲ್ಯಾಪ್‌ಟಾಪ್ ಆಫೀಸಿನಲ್ಲಿ ಕಾಣ್ತಿಲ್ಲವಂತೆ."

ಅವಳು ಕೌಂಟರಿಗೆ ಕೈಯೂರಿ ಮುಂದೆ ಬಾಗಿದಳು.

"ಇದನ್ನ ನಮ್ಮ ದೊಡ್ಡಮ್ಮ ತಮ್ಮ ಜೊತೆ ಕೆಲಸ ಮಾಡೋರ ಹತ್ತಿರ ಕೊಂಡು ನನಗೆ ಕೊಟ್ಟಿದ್ದು."

"ಬಿಲ್?"

"ಇಲ್ಲ."

"ಮಾರಿದವರು?"

"ಊರು ಬಿಟ್ಟು ಹೋಗಿದಾರೆ..."

ಹೇಳುತ್ತಿದ್ದಂತೆ ಅವಳಿಗೇ ಅನ್ನಿಸಿತು, ಕಳ್ಳರು ಹೇಳುವ ಕಥೆಯೂ ಹೀಗೇ ಇರುತ್ತದಲ್ಲವಾ!

"ಸರಿ, ದೊಡ್ಡಮ್ಮನಿಗೆ ಫೋನ್ ಹಚ್ಚಿ. ನಾನೇ ಮಾತಾಡ್ತೀನಿ."

"ಅವರು ಮಾತಾಡಲ್ಲ!"

ಅಂಗಡಿಯೇ ಬೆಚ್ಚಿಬೀಳುವಂತೆ ಕೂಗಿಬಿಟ್ಟಳು. ಕಟ್ಟಿಕೊಂಡಿದ್ದುದೆಲ್ಲ ಒಡೆದುಕೊಂಡು ಬಂತು.

"ಗಂಟಲಿನ ಆಪರೇಷನ್ ಆಗಿದೆ. ಧ್ವನಿಪೆಟ್ಟಿಗೇನೇ ತೆಗೆದುಬಿಟ್ಟಿದಾರೆ. ಅದಕ್ಕೆ ಮುಂಚೆ ಅವರನ್ನ ಕೂರಿಸಿಕೊಂಡು ಒಂದೊಂದೇ ವಾಕ್ಯ ರೆಕಾರ್ಡ್ ಮಾಡಿದೀನಿ. ಅದನ್ನ ಕೊಟ್ಟರೆ ಒಂದು ಪುಟ್ಟ ಮಾತಿನ ಯಂತ್ರ ಮಾಡಿಕೊಡ್ತಾರೆ. ಅವರು ಟೈಪ್ ಮಾಡಿದ್ದನ್ನ ಅವರ ದನಿಯಲ್ಲೇ ಹೇಳುತ್ತೆ. ಆ ರೆಕಾರ್ಡಿಂಗ್ ಎಲ್ಲಾ ಇದರಲ್ಲಿದೆ. ಇದರಲ್ಲಿ ಮಾತ್ರ!"

"ಕಾಪಿ ಇಟ್ಟಿಲ್ವಾ?"

"ನಾಳೆ ಮಾಡೋಣ, ನಾಳೆ ಮಾಡೋಣ ಅಂತ..." ಅವಳು ಹಣೆ ಚಚ್ಚಿಕೊಂಡಳು. "ಆಪರೇಷನ್ ಮುಗೀತು ಅಂತ ಫೋನ್ ಬಂದಾಗ ಗಾಬರಿಯಲ್ಲಿ ನೀರಿನ ಲೋಟ ಇದರ ಮೇಲೆ ಬಿತ್ತು. ಕಂಪನಿಯವರು ಬೋರ್ಡ್ ಬದಲಾಯಿಸಬೇಕು, ಒಳಗಿರೋದೆಲ್ಲ ಹೋಗುತ್ತೆ ಅಂದ್ರು. ಬೋರ್ಡನ್ನೇ ರಿಪೇರಿ ಮಾಡೋರು ಬಸ್ ನಿಲ್ದಾಣದ ಹಿಂದೆ ಇದಾರೆ ಅಂತ ಅಲ್ಲಿನವರೇ ನಿಮ್ಮ ಹತ್ತಿರ ಕಳಿಸಿದ್ದು."

ಅವನ ಮುಖ ಕ್ಷಣಹೊತ್ತು ಮೆತ್ತಗಾಯಿತು.

"ಅವರು ಹೇಳಿದ್ದು ನಿಜ. ಡಿಸ್ಕಿನ ಬೀಗದ ಕೈ ಕೂಡ ಅದೇ ಚಿಪ್ ಒಳಗಿರುತ್ತೆ. ಬೋರ್ಡ್ ಹೋದರೆ ಕೀನೂ ಹೋಯ್ತು. ಆಮೇಲೆ ಪಾಸ್‌ವರ್ಡ್ ಗೊತ್ತಿದ್ದರೂ ಪ್ರಯೋಜನ ಇಲ್ಲ." ಮರುಕ್ಷಣವೇ ತಲೆ ಅಲ್ಲಾಡಿಸಿದ. "ಆದರೆ ನಂಬರ್ ತಾಳೆಯಾಗದ ಯಂತ್ರ ನಾನು ಮುಟ್ಟಲ್ಲ. ಗೊತ್ತಿಲ್ಲದೇ ಕದ್ದ ಮಾಲು ರಿಪೇರಿ ಮಾಡಿಕೊಟ್ಟು ನಮ್ಮಪ್ಪ ಈ ಅಂಗಡಿಗೆ ಬೀಗ ಹಾಕಿಸಿಕೊಂಡಿದ್ರು. ಅದನ್ನ ತೆಗೆಸೋಷ್ಟರಲ್ಲಿ ನನ್ನ ಚಪ್ಪಲಿ ಸವೆದುಹೋಯ್ತು."

ಅವಳು ಕಣ್ಣೊರೆಸಿಕೊಂಡಳು. ಅತ್ತದ್ದು ಸಾಕು ಎನಿಸಿತು. ಫೋನ್ ತೆಗೆದು ಎರಡೂ ನಂಬರುಗಳ ಫೋಟೋ ಹೊಡೆದುಕೊಂಡಳು.

"ಮುಟ್ಟಬೇಡಿ, ಸರಿ. ಆದರೆ ನನಗೊಂದು ಮಾತು ಕೊಡಿ. ವಕೀಲರು ಬಂದು ಕೇಳಲಿ, ಯಾರೇ ಬಂದು ಕೇಳಲಿ... ನಾನು ವಾಪಸ್ ಬರೋವರೆಗೂ ಈ ಬೋರ್ಡ್ ಬದಲಾಯಿಸೋಕೆ ಬಿಡಬಾರದು."

ಅವನು ಅವಳನ್ನೇ ನೋಡಿದ. ತುಸು ಹೆಚ್ಚೇ ಹೊತ್ತು ನೋಡಿದ ಅನ್ನಬೇಕು.

"ಆಯ್ತು. ಮಾತು ಕೊಟ್ಟೆ."

"ಇದು ನನ್ನದು ಅಂತ ನಿಮ್ಮ ಬಾಯಿಂದಲೇ ಹೇಳಿಸ್ತೀನಿ, ನೋಡ್ತಿರಿ!"

ಅವಳು ಸರಸರನೆ ಮೆಟ್ಟಿಲಿಳಿದಳು. ಬೆನ್ನು ನೆಟ್ಟಗೇ ಇತ್ತು.

*

ಮನೆಯಲ್ಲಿ ದೊಡ್ಡಮ್ಮ ಮಂಚದ ಮೇಲೆ ದಿಂಬಿಗೊರಗಿ, ಸ್ಲೇಟು ಹಿಡಿದು ಕಾಯುತ್ತಿದ್ದರು.

ಅವಳನ್ನು ಹೆತ್ತದ್ದು ತಾಯಿಯೇ ಆದರೂ ಬೆಳೆಸಿದ್ದೆಲ್ಲ ತಾಯಿಯ ಅಕ್ಕ, ಈ ದೊಡ್ಡಮ್ಮ. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟೊತ್ತಿಗೆ ಹೊರಡುತ್ತದೆ ಎಂದು ಇಡೀ ಊರಿಗೆ ಸಾರುತ್ತಿದ್ದ ಹೆಂಗಸು. ಅವಳು ಚಿಕ್ಕವಳಿದ್ದಾಗ ಅದೇ ಮೈಕಿನ ದನಿಯಲ್ಲೇ ಜ್ವರದ ಔಷಧಿ ಕುಡಿಸುತ್ತಿದ್ದರು: 'ಪ್ರಯಾಣಿಕರ ಗಮನಕ್ಕೆ, ಪುಟ್ಟಿ ಬಾಯಿ ತೆರೆಯದಿದ್ದರೆ ಬಸ್ಸು ಹೊರಡುವುದಿಲ್ಲ!'

ಈಗ ಆ ಗಂಟಲಿಗೆ ಬಿಳಿ ಪಟ್ಟಿ.

ಬಳಪ ಕಿರ್ರೆಂದಿತು. ಸ್ಲೇಟು ಅವಳ ಕಡೆ ತಿರುಗಿತು.

'ನನ್ನ ದನಿ ಎಲ್ಲಿ?'

"ರಿಪೇರಿಗೆ ಕೊಟ್ಟಿದೀನಿ ದೊಡ್ಡಮ್ಮ. ಬರುತ್ತೆ."

'ಬೇಗ ತಾ. ಪಕ್ಕದ ಮನೆಯವಳನ್ನ ಬೈಯೋದು ಬಾಕಿ ಇದೆ. ಬರೆದು ಬೈದರೆ ಏನೂ ಸುಖ ಇಲ್ಲ.'

ಅವಳು ನಕ್ಕಳು. ನಗುತ್ತಲೇ ಅಡುಗೆಮನೆಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ಆ ಸದ್ದಿನಲ್ಲಿ ಬಿಕ್ಕಿಬಿಕ್ಕಿ ಅತ್ತಳು.

ಸಾಕು. ಈಗ ಯೋಚನೆ ಮಾಡು!

ಮುಖ ತೊಳೆದು ಫೋಟೋಗಳನ್ನು ನೋಡಿದಳು. ನನ್ನ ಯಂತ್ರದ ಮೇಲೆ ವಕೀಲರ ಮುಚ್ಚಳ ಇದೆ. ಸರಿ. ಹಾಗಾದರೆ ನನ್ನ ಮುಚ್ಚಳ ಎಲ್ಲಿ ಹೋಯಿತು? ಮುಚ್ಚಳವೇನು ಗಾಳಿಯಲ್ಲಿ ಕರಗುತ್ತದಾ? ಎಲ್ಲೋ, ಯಾವುದೋ ಯಂತ್ರದ ಅಡಿಯಲ್ಲಿ ಅದು ಕೂತಿರಲೇಬೇಕು...

ಮರುದಿನ ಅವಳು ರಜೆ ಹಾಕಿದಳು. ಕಳ್ಳಿ ಅನ್ನಿಸಿಕೊಂಡವಳು ಮಾಲು ಕಳೆದುಕೊಂಡವರ ಬಾಗಿಲಿಗೇ ಹೋಗಿ ನಿಲ್ಲುವುದುಂಟಾ? ಉಂಟು. ಇವಳು ಹೋಗಿ ನಿಂತಳು!

*

ಅವಳು ತಾನು ಯಾರೆಂದು ಹೇಳಿದಾಗ ವಕೀಲರು ಫೈಲುಗಳ ಗುಡ್ಡದ ಹಿಂದಿನಿಂದ ಕನ್ನಡಕ ಇಳಿಸಿ ನೋಡಿದರು.

"ಓ, ಆ ಲ್ಯಾಪ್‌ಟಾಪಿನ ಹುಡುಗಿ ನೀನೇನಾ? ಏನಮ್ಮ ಧೈರ್ಯ! ನೋಡು, ನನಗೆ ಕೇಸು ಗೀಸು ಬೇಡ. ಯಂತ್ರ ಸಿಕ್ಕರೆ ಸಾಕು. ಕೆಟ್ಟಿದ್ದರೆ ಹೊಸ ಬೋರ್ಡ್ ಹಾಕಿಸಿಬಿಡಯ್ಯಾ ಅಂತ ಆ ಹುಡುಗನಿಗೆ ಹೇಳಿದೆ. ಜಪ್ಪಯ್ಯ ಅಂದ್ರೂ ಒಪ್ಪಲ್ಲ!"

"ಒಪ್ಪಲಿಲ್ವಾ?"

"ಬೆಳಿಗ್ಗೆ ಅಂಗಡಿಗೇ ಹೋಗಿ ಜೋರು ಮಾಡಿದೆ. 'ಒಬ್ಬರಿಗೆ ಮಾತು ಕೊಟ್ಟಿದೀನಿ ಸಾರ್, ಅವರು ಬರೋವರೆಗೂ ಆಗಲ್ಲ' ಅಂತಾನೆ. ಯಾರಿಗಯ್ಯಾ ಅಂದೆ. 'ಅದನ್ನ ತಂದವರಿಗೆ' ಅಂದ. ಕಳ್ಳರಿಗೆ ಕೊಟ್ಟ ಮಾತಾ ಅಂದರೆ ಬಾಯೇ ಬಿಡಲಿಲ್ಲ!"

ಅವಳ ಎದೆಯಲ್ಲಿ ಏನೋ ಮೆಲ್ಲಗೆ ಅಲುಗಿತು. ಕಳ್ಳಿ ಅಂದುಕೊಂಡವಳಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳುವವನು... ಛೇ, ಈಗ ಅದೆಲ್ಲ ಬೇಡ!

"ಸಾರ್, ನಿಮ್ಮ ಲ್ಯಾಪ್‌ಟಾಪ್ ನಿಜವಾಗಲೂ ಕಳೆದುಹೋಗಿದೆಯಾ? ಮನೆಯಲ್ಲಿ ಒಂದು ಸಲ ಕೇಳಿದ್ರಾ?"

"ಮನೆಯಲ್ಲಿ ಯಾಕಿರುತ್ತೆ? ನಾನು ಅದನ್ನ ಇಲ್ಲೇ..."

"ಒಂದೇ ಒಂದು ಫೋನ್ ಮಾಡಿ. ಇಲ್ಲ ಅಂದರೆ ನಾನೇ ಪೊಲೀಸ್ ಸ್ಟೇಷನ್ನಿಗೆ ನಡೀತೀನಿ."

ವಕೀಲರು ಗೊಣಗುತ್ತಲೇ ಫೋನ್ ಮಾಡಿದರು. ಆ ಕಡೆಯ ಹೆಂಗಸಿನ ದನಿ ಕೋಣೆಯ ತುಂಬ ಕೇಳಿಸಿತು.

"ಲ್ಯಾಪ್‌ಟಾಪಾ? ಹೊಲಿಗೆ ಬಟ್ಟೆ ಕೆಳಗಿದೆಯಲ್ಲ! ನೀವೇ ತಾನೇ ತಂದು ಟೇಬಲ್ ಮೇಲೆ ಇಟ್ಟು, ನೀವೇ ಮರೆತು, ನನ್ನನ್ನ ಕೇಳ್ತೀರಾ?"

ವಕೀಲರು ನಾಲಿಗೆ ಕಚ್ಚಿಕೊಂಡರು. ಕೋರ್ಟಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದ ಮನುಷ್ಯ, ಹೆಂಡತಿಯ ಮುಂದೆ 'ಹೂಂ, ಹೂಂ' ಎನ್ನುತ್ತ ಫೋನ್ ಇಟ್ಟರು.

"ಸಾರ್, ಮನೆಗೆ ಹೋಗೋಣ. ಅದರ ಅಡಿ ನೋಡಬೇಕು."

*

ವಕೀಲರನ್ನೂ ಕರೆದುಕೊಂಡು ಬಂದು, ರಿಪೇರಿ ಅಂಗಡಿಯ ಕೌಂಟರಿನ ಮೇಲೆ ಅವಳು ವಕೀಲರ ಲ್ಯಾಪ್‌ಟಾಪನ್ನು ಮಗುಚಿ ಇಟ್ಟಳು. ಪಕ್ಕದಲ್ಲಿ ತನ್ನ ಫೋನ್ ಇಟ್ಟಳು.

"ಓದಿ."

ಅವನು ವಕೀಲರ ಯಂತ್ರದ ಮುಚ್ಚಳದ ನಂಬರ್ ಓದಿದ. ಫೋಟೋದಲ್ಲಿದ್ದ, ಅವಳ ಯಂತ್ರದ ಚಿಪ್ ಹೇಳಿದ್ದ ನಂಬರ್ ಓದಿದ. ಇನ್ನೊಮ್ಮೆ ಓದಿದ.

ಎರಡೂ ಒಂದೇ!

ಅವಸರವಾಗಿ ವಕೀಲರ ಯಂತ್ರ ಆನ್ ಮಾಡಿ ಒಳಗಿನ ನಂಬರ್ ತೆಗೆದ. ಅದು ಅವಳ ಯಂತ್ರದ ಮೇಲಿದ್ದ ಮುಚ್ಚಳದ ನಂಬರ್.

"ಅದಲುಬದಲಾಗಿದೆ..." ಅವನ ದನಿ ಉಡುಗಿತು.

"ಯಾರು ಮಾಡಿದ್ದು?" ಅವಳು ಬೆರಳಿಟ್ಟು ತೋರಿಸಿದಳು. ಎರಡೂ ಯಂತ್ರಗಳ ಮೂಲೆಯ ಸ್ಕ್ರೂಗಳಲ್ಲಿ ಅದೇ ನೀಲಿ ಚುಕ್ಕೆ. "ಇದು ನಿಮ್ಮ ಗುರುತು ತಾನೇ? ಎರಡನ್ನೂ ಮುಚ್ಚಿದ ಕೈ ಯಾವುದು?"

ಅವನು ಆ ಚುಕ್ಕೆಗಳನ್ನೇ ನೋಡುತ್ತ ನಿಂತ. ಮುಖ ಬಿಳಿಚಿಕೊಂಡಿತು.

"ನೆನಪಾಯ್ತು... ವಕೀಲ್ ಸಾರ್ ಯಂತ್ರ ಬಿಚ್ಚಿ ಫ್ಯಾನಿನ ಧೂಳು ತೆಗೀತಿದ್ದೆ. ಅಷ್ಟರಲ್ಲಿ ಅಂಥದ್ದೇ ಇನ್ನೊಂದು ತಗೊಂಡು ಒಬ್ಬರು ಅಮ್ಮ ಬಂದ್ರು. 'ಇದಕ್ಕೂ ಧೂಳು ಹೊಡೆದುಬಿಡಪ್ಪ, ಬೇಗ, ನಾನು ಹೋಗಿ ಹೇಳದೇ ಇದ್ರೆ ಬಸ್ಸೇ ಹೊರಡಲ್ಲ!' ಅಂತ, ಪುಸ್ತಕದಲ್ಲಿ ನಂಬರ್ ಬರೆಯೋಕೂ ಬಿಡದೆ ತಲೆ ಮೇಲೇ ನಿಂತ್ರು. ಎರಡನ್ನೂ ಒಂದೇ ಟೇಬಲ್ ಮೇಲೆ ಬಿಚ್ಚಿದ್ದೆ. ಒಂದೇ ಬಣ್ಣ, ಒಂದೇ ಅಳತೆ. ಅವಸರದಲ್ಲಿ ಮುಚ್ಚಳ..."

ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ದೊಡ್ಡಮ್ಮ! ನನ್ನ ಲ್ಯಾಪ್‌ಟಾಪ್ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಿದ್ದೆ!

ಅವನು ಸರಕ್ಕನೆ ತಲೆ ಎತ್ತಿದ.

"ಬಸ್ ಸ್ಟ್ಯಾಂಡ್ ಅಮ್ಮ... ಅವರೇನಾ ನಿಮ್ಮ ದೊಡ್ಡಮ್ಮ?"

"ಹೌದು."

"ಇದರಲ್ಲಿರೋದು... ಆ ದನಿಯಾ?"

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಅಂಗಡಿಯ ಹಿಂದಿನ ಗೋಡೆಗೆ ಅಂಟಿಕೊಂಡೇ ಬಸ್ ನಿಲ್ದಾಣ. ಚಿಕ್ಕವನಿದ್ದಾಗ ಅಪ್ಪನ ಪಕ್ಕ ಕೂತು ಬೆಸುಗೆ ಕಲಿತದ್ದು ಆ ದನಿ ಕೇಳುತ್ತ. ಊಟಕ್ಕೆ ಏಳುತ್ತಿದ್ದುದು, ಬಾಗಿಲು ಹಾಕುತ್ತಿದ್ದುದು, ಎಲ್ಲಾ ಆ ದನಿ ಹೇಳಿದ ಬಸ್ಸಿನ ಲೆಕ್ಕದಲ್ಲಿ.

"ಈಗ ಯಾವುದೋ ಯಂತ್ರ ಕೂಗುತ್ತೆ ಅಲ್ಲಿ. ಅವರು ರಿಟೈರ್ ಆದ್ರೇನೋ ಅಂದುಕೊಂಡಿದ್ದೆ..." ಅವನು ಎದ್ದು ನಿಂತು, ವಕೀಲರ ಎದುರಿಗೇ ಅವಳಿಗೆ ಕೈ ಮುಗಿದ. "ತಪ್ಪು ನನ್ನದು. ತಪ್ಪು ಮಾಡಿ ನಿಮ್ಮನ್ನೇ ಕಳ್ಳಿ ಅಂದೆ. ಕ್ಷಮಿಸಿ."

ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಅವಳ ನಾಲಿಗೆಯ ತುದಿಯಲ್ಲೇ ನಿಂತವು. ತಪ್ಪನ್ನು ಇಷ್ಟು ನೇರವಾಗಿ ಒಪ್ಪಿಕೊಂಡವನಿಗೆ ಏನೆಂದು ಬೈಯುವುದು?

"ಕ್ಷಮೆ ಆಮೇಲೆ. ಮೊದಲು ಹೇಳಿ, ಇದು ಯಾರದು?"

"ನಿಮ್ಮದು."

"ಹಾಗಾದರೆ ಇದನ್ನ ಏಳಿಸಿ. ಏಳಿಸೋವರೆಗೂ ನಾನು ಬಿಡಲ್ಲ."

*

ಅಂದಿನಿಂದ ಆಸ್ಪತ್ರೆ ಮುಗಿದ ಕೂಡಲೇ ಅವಳು ಅಂಗಡಿಯಲ್ಲಿ ಹಾಜರ್.

ನೀರು ಬೋರ್ಡಿನ ಮೇಲೆ ಎಲ್ಲೆಲ್ಲಿ ಹರಿದಿತ್ತೋ ಅಲ್ಲೆಲ್ಲ ಹಸಿರು ಕಿಲುಬು ಹಿಡಿದಿತ್ತು. ಅವನು ಅದನ್ನು ಬ್ರಷ್ಷಿನಲ್ಲಿ ತೊಳೆದ. ಸುಟ್ಟ ಬಿಡಿಭಾಗಗಳನ್ನು ಒಂದೊಂದಾಗಿ ಹುಡುಕಿ ಬದಲಾಯಿಸಿದ. ಅವಳು ಸ್ಟೂಲ್ ಎಳೆದುಕೊಂಡು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಮೊದಮೊದಲು ಕಾವಲಿಗೆ ಕೂತವಳ ಹಾಗೆ.

ಆಮೇಲೆ... ಆಮೇಲೆ ಯಾಕೆ ಕೂರುತ್ತಿದ್ದಾಳೆಂದು ಅವಳೂ ಕೇಳಿಕೊಳ್ಳಲಿಲ್ಲ.

ಅವನು ಟೀ ತರಿಸಿದರೆ ತನ್ನ ಲೋಟವನ್ನು ಮಾತ್ರ ದೂರದ ಕಿಟಕಿಯಲ್ಲಿಡುತ್ತಿದ್ದಳು.

"ಇಲ್ಲಿ ಇಟ್ಕೊಳ್ಳಿ, ಪರವಾಗಿಲ್ಲ."

"ಬೇಡಪ್ಪಾ! ನನ್ನ ಕೈಗೂ ಲೋಟಕ್ಕೂ ಆಗಿಬರಲ್ಲ."

ಅವನು ನಕ್ಕ. ಮೊದಲ ಸಲ! ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆಂಬುದನ್ನು ಅವಳು ಗಮನಿಸಿದಳು. ಗಮನಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಕೊನೆಗೆ ಒಂದೇ ಒಂದು ಕೆಲಸ ಉಳಿಯಿತು. ಸೆಕ್ಯೂರಿಟಿ ಚಿಪ್ಪಿನ ಪಕ್ಕಕ್ಕೇ ಅಂಟಿದಂತಿದ್ದ ಒಂದು ಸುಟ್ಟ ಭಾಗವನ್ನು ಬಿಸಿಗಾಳಿಯಿಂದ ಕರಗಿಸಿ ಎತ್ತಬೇಕು. ಬಿಸಿ ಸ್ವಲ್ಪ ಆಚೀಚೆಯಾದರೆ ಚಿಪ್ ಸಾಯುತ್ತದೆ. ಚಿಪ್ ಸತ್ತರೆ ಬೀಗದ ಕೈ ಹೋಯಿತು, ದೊಡ್ಡಮ್ಮನ ದನಿ ಹೋಯಿತು.

ಅವನು ಬಿಸಿಗಾಳಿಯ ಗನ್ ಎತ್ತಿದ. ಇಳಿಸಿದ. ಮತ್ತೆ ಎತ್ತಿದ.

ಕೈ ನಡುಗುತ್ತಿತ್ತು.

"ನನ್ನ ಕೈಯಲ್ಲಿ ಆಗಲ್ಲ." ಗನ್ ಕೆಳಗಿಟ್ಟುಬಿಟ್ಟ. "ಸಾವಿರ ಸಲ ಮಾಡಿದ ಕೆಲಸ ಇದು. ಆದರೆ ಯಾರ ದನಿ ಅಂತ ಗೊತ್ತಾದಮೇಲೆ... ಬೇರೆ ಯಾರಿಗಾದರೂ ಕೊಡಿ. ನಿಮಗೆ ಒಂದು ಸಲ ಅನ್ಯಾಯ ಮಾಡಿದೀನಿ. ಇನ್ನೊಂದು ಸಲ ಮಾಡಲಾರೆ."

"ಬೇರೆ ಯಾರೂ ಇಲ್ಲ."

"ಸುಟ್ಟುಹೋದರೆ?"

"ಹೋದರೆ ನಾನು ಅಳ್ತೀನಿ. ನಿಮ್ಮ ಎದುರಿಗೇ ಕೂತು ಅಳ್ತೀನಿ. ಆದರೆ ಪ್ರಯತ್ನಾನೇ ಮಾಡದೇ ಬಿಟ್ಟರೆ, ದೊಡ್ಡಮ್ಮ ದಿನಾ ಸ್ಲೇಟು ತಿರುಗಿಸಿ ಕೇಳಿದಾಗ ನಾನು ಏನು ಹೇಳಲಿ?" ಅವಳು ಸ್ಟೂಲನ್ನು ಅವನ ಪಕ್ಕಕ್ಕೆ ಎಳೆದಳು. "ನನ್ನ ಹತ್ತಿರ ತೊದಲುವ ಮಕ್ಕಳು ಬರ್ತಾರೆ. ಮೊದಲ ಅಕ್ಷರ ಹೊರಡೋಕೆ ಮುಂಚೆ ಭಯಕ್ಕೆ ಉಸಿರು ಹಿಡಿದುಬಿಡ್ತಾರೆ. ಹಿಡಿದಷ್ಟೂ ಮಾತು ಸಿಕ್ಕಿಕೊಳ್ಳುತ್ತೆ. ನೀವೂ ಅದನ್ನೇ ಮಾಡ್ತಿದೀರಿ. ಗನ್ ಎತ್ತೋವಾಗ ಉಸಿರಾಡ್ತಾನೇ ಇಲ್ಲ."

"ಹೌದಾ?"

"ಹೂಂ. ಮೊದಲು ಉಸಿರು ಬಿಡಿ. ಮೆಲ್ಲಗೆ... ಪೂರ್ತಿ ಬಿಡಿ. ಅದು ಹೋಗ್ತಿರೋವಾಗಲೇ ಕೆಲಸ ಶುರುಮಾಡಿ. ನಾನೂ ಜೊತೆಗೆ ಬಿಡ್ತೀನಿ."

ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಅವನ ಭುಜಕ್ಕೆ ಅವಳ ಭುಜ ತಾಗಿತ್ತು. ಇಬ್ಬರೂ ಸರಿಯಲಿಲ್ಲ.

ಗನ್ ಎದ್ದಿತು. ಕೈಯ ನಡುಕ ನಿಂತಿತ್ತು! ಭೂತಗನ್ನಡಿಯ ಕೆಳಗೆ ಬೆಸುಗೆ ಮಿನುಗಿ ಕರಗಿತು. ಚಿಮಟ ಆ ಸಾಸಿವೆಗಿಂತ ಸಣ್ಣ ಭಾಗವನ್ನು ಎತ್ತಿತು, ಹೊಸದನ್ನು ಕೂರಿಸಿತು.

ಆರಲು ಬಿಟ್ಟರು. ಅವನು ಚಾರ್ಜರ್ ಚುಚ್ಚಿ, ಪವರ್ ಬಟನ್ನಿನ ಮುಂದೆ ಅವಳಿಗೆ ಜಾಗ ಬಿಟ್ಟ.

"ನೀವೇ ಒತ್ತಿ."

ಅವಳು ಒತ್ತಿದಳು.

ಕಪ್ಪು... ಕಪ್ಪು... ದೇವರೇ, ದಯವಿಟ್ಟು...

ಪರದೆ ಬೆಳಗಿತು!

ಬೆರಳುಗಳು ಎರಡು ಸಲ ಪಾಸ್‌ವರ್ಡ್ ತಪ್ಪು ಒತ್ತಿದವು. ಮೂರನೆಯ ಸಲ ಬೀಗ ತೆರೆಯಿತು. ಕಣ್ಣಿಗೆ ಬಿದ್ದ ಮೊದಲ ಫೈಲನ್ನೇ ಒತ್ತಿದಳು.

"ಪ್ರಯಾಣಿಕರ ಗಮನಕ್ಕೆ..."

ತುಂಬು ದನಿ. ತುಸು ಗೊಗ್ಗರು, ಆದರೂ ಗತ್ತು ಬಿಡದ ದನಿ. ಬಸ್ ನಿಲ್ದಾಣದ ಕಡೆಯ ಆ ಗೋಡೆ ಮತ್ತೆ ಮಾತಾಡಿದಂತಾಯಿತು. ಅವನು ಮುಖ ತಿರುಗಿಸಿ ತೋಳಿನಿಂದ ಕಣ್ಣೊರೆಸಿಕೊಂಡ. ಅವಳಂತೂ ಅಳುತ್ತಲೇ ನಗುತ್ತಿದ್ದಳು, ನಗುತ್ತಲೇ ಅವನ ಕೈ ಹಿಡಿದಿದ್ದಳು. ಹಿಡಿದದ್ದು ಗೊತ್ತಾದಮೇಲೂ ಬಿಡಲಿಲ್ಲ.

"ಮೊದಲು ಕಾಪಿ ಮಾಡಿ," ಅಂದ ಅವನು ಒದ್ದೆ ದನಿಯಲ್ಲಿ. "ನಾಳೆ ಅಲ್ಲ. ಈಗ!"

*

ರೆಕಾರ್ಡಿಂಗ್ ಹೋಯಿತು, ಮಾತಿನ ಯಂತ್ರ ಬಂತು. ದೊಡ್ಡಮ್ಮ ಪಕ್ಕದ ಮನೆಯವಳನ್ನು ಮನಸಾರೆ ಬೈದರು. ಎಲ್ಲವೂ ಸರಿಯಾಯಿತು.

ಆದರೆ ಅವನು ಬರಲಿಲ್ಲ. ಮನೆಗೆ ಬನ್ನಿ ಎಂದು ಕರೆದಾಗಲೆಲ್ಲ 'ಕೆಲಸ ಇದೆ' ಅನ್ನುತ್ತಾನೆ. ಫೋನ್ ಮಾಡಿದರೆ ಲ್ಯಾಪ್‌ಟಾಪ್ ಹೇಗಿದೆ ಎಂದು ಮಾತ್ರ ಕೇಳುತ್ತಾನೆ.

ಲ್ಯಾಪ್‌ಟಾಪ್ ಚೆನ್ನಾಗಿದೆ ಮಾರಾಯ! ನಾನು ಹೇಗಿದೀನಿ ಅಂತ ಕೇಳಬಾರದಾ?

'ಏನಾಗಿದೆ ಪುಟ್ಟಿಗೆ?' ಎಂದಿತು ಮಾತಿನ ಯಂತ್ರ, ದೊಡ್ಡಮ್ಮನ ದನಿಯಲ್ಲೇ.

"ಏನಿಲ್ಲ."

'ನೀಲಿ ಚುಕ್ಕಿ ಹುಡುಗನಾ?'

"ದೊಡ್ಡಮ್ಮ!"

'ಹೋಗಿ ಕರ್ಕೊಂಡು ಬಾ. ಕೂತು ಕೊರಗೋದನ್ನ ನಾನು ನಿನಗೆ ಕಲಿಸಿಲ್ಲ.'

ಅವಳು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಳು.

"ರಿಪೇರಿ ಇದೆ," ಎಂದು ಕೌಂಟರಿನ ಮೇಲೆ ಇಟ್ಟಳು.

ಅವನು ಗಾಬರಿಯಾಗಿ ಎದ್ದ. "ಮತ್ತೆ ಏನಾಯ್ತು? ನೀರು ಬಿತ್ತಾ?"

"ಯಂತ್ರ ಸರಿಯಾಗಿದೆ. ಮಾಲೀಕಳಿಗೆ ನಿದ್ದೆ ಬರ್ತಿಲ್ಲ."

ಅವನು ತಲೆ ತಗ್ಗಿಸಿದ.

"ಯಾಕೆ ಬರ್ತಿಲ್ಲ ನೀವು? ನೇರವಾಗಿ ಹೇಳಿ."

"ಯಾವ ಮುಖ ಇಟ್ಟುಕೊಂಡು ಬರಲಿ? ನನ್ನ ತಪ್ಪು ನನಗೇ ಕಾಣದೆ ನಿಮ್ಮನ್ನ ಕಳ್ಳಿ ಅಂದೆ. ಆ ಅಮ್ಮನ ಎದುರು ಹೇಗೆ ನಿಲ್ಲಲಿ? ಇದೇ ಬಾಯಲ್ಲಿ ನಿಮಗೆ... ಬೇರೆ ಮಾತು ಹೇಗೆ ಹೇಳಲಿ?"

"ಕಳ್ಳಿ ಅಂದವರೂ ನೀವೇ. ಆ ಕಳ್ಳಿಗೆ ಕೊಟ್ಟ ಮಾತಿಗೆ ವಕೀಲರ ಎದುರು ಗಟ್ಟಿಯಾಗಿ ನಿಂತವರೂ ನೀವೇ. ನಾನು ಎರಡನೆಯದನ್ನ ನೆನಪಿಟ್ಟುಕೊಂಡಿದೀನಿ. ಅಂಗಡಿ ಬಾಗಿಲು ಹಾಕಿ. ಬನ್ನಿ."

ಅವನು ಬಾಗಿಲು ಹಾಕಿದ. ಬಂದ.

ಆದರೆ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟವನು ಅಲ್ಲೇ ನಿಂತುಬಿಟ್ಟ. ಮಂಚದ ಮೇಲೆ ದೊಡ್ಡಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಣ್ಣಲ್ಲಿ ತುಂಟತನ ಮಿಂಚಿತು. ಮಾತಿನ ಯಂತ್ರದ ಮೂಲೆಯ ಒಂದು ಗುಂಡಿ ಒತ್ತಿದರು.

ಟೈಪ್ ಮಾಡಿದ ಮಾತಲ್ಲ ಅದು. ರೆಕಾರ್ಡಿಂಗ್ ದಿನಗಳಲ್ಲಿ ಒಮ್ಮೆ 'ಕುಡಿಯೋಕೆ ಬಿಸಿನೀರು ತಾ' ಎಂದು ಅವಳನ್ನು ಹೊರಗೆ ಕಳಿಸಿ, ದೊಡ್ಡಮ್ಮ ಒಬ್ಬರೇ ಮೈಕಿನ ಮುಂದೆ ಹೇಳಿಟ್ಟಿದ್ದ ಮಾತು. ಅವಳೂ ಕೇಳುತ್ತಿದ್ದುದು ಇದೇ ಮೊದಲು.

"ಪ್ರಯಾಣಿಕರ ಗಮನಕ್ಕೆ. ನಮ್ಮ ಪುಟ್ಟಿಯ ಕೈ ಹಿಡಿಯಲು ಬಂದಿರುವವರು ಬಾಗಿಲಲ್ಲೇ ನಿಲ್ಲದೆ ದಯವಿಟ್ಟು ಒಳಗೆ ಬರಬೇಕು. ಹುಡುಗಿಗೆ ಕೋಪ ಜಾಸ್ತಿ. ಆದರೆ ಹಿಡಿದ ಕೈ ಬಿಡುವವಳಲ್ಲ. ಈ ಮಾತು ಕೇಳುವ ಹೊತ್ತಿಗೆ ನನಗೆ ದನಿ ಇರುವುದಿಲ್ಲ. ಅದಕ್ಕೇ ಈಗಲೇ ಹೇಳಿಡುತ್ತಿದ್ದೇನೆ... ಚೆನ್ನಾಗಿರಿ ಮಕ್ಕಳೇ."

ಅವಳು ಹೋಗಿ ದೊಡ್ಡಮ್ಮನ ಮಡಿಲಲ್ಲಿ ಮುಖ ಹುದುಗಿಸಿದಳು. ಅವನು ಒಳಗೆ ಬಂದು ಮಂಚದ ಪಕ್ಕ ನೆಲದ ಮೇಲೇ ಕೂತ. ದೊಡ್ಡಮ್ಮನ ಒಂದು ಕೈ ಅವಳ ತಲೆಯ ಮೇಲಿತ್ತು. ಇನ್ನೊಂದು ಕೈ ಮೆಲ್ಲಗೆ ಅವನ ತಲೆಯ ಮೇಲೆ ಬಂತು.

ಹೊರಡುವಾಗ ಅವಳು ಗೇಟಿನವರೆಗೂ ಬಂದಳು.

"ಮೊದಲ ದಿನ ನನಗೆ ಏನಂದ್ರಿ, ಇನ್ನೊಂದು ಸಲ ಹೇಳಿ."

"ಬೇಡ..."

"ಹೇಳಿ!"

"ಈ ಲ್ಯಾಪ್‌ಟಾಪ್ ನಿಮ್ಮದಲ್ಲ ಅಂದೆ."

"ಈಗ?"

"ಲ್ಯಾಪ್‌ಟಾಪ್ ನಿಮ್ಮದು." ಅವನ ಕಿವಿ ಕೆಂಪಾಯಿತು. "ಅದನ್ನ ರಿಪೇರಿ ಮಾಡಿದವನೂ ನಿಮ್ಮವನೇ. ನೀವು ಒಪ್ಪಿದರೆ..."

"ಒಪ್ಪಿ ಆಗಿದೆ. ಆದರೆ ಇನ್ನು ಮೇಲೆ ಈ 'ನೀವು' ಬೇಡ. 'ನೀನು' ಅನ್ನು."

ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ. ಅವಳು ನಕ್ಕು ಅವನ ಕೈ ಹಿಡಿದುಕೊಂಡಳು.

"ಮೊದಲು ಉಸಿರು ಬಿಡು."

ಅವನು ಮೆಲ್ಲಗೆ, ಪೂರ್ತಿ ಉಸಿರು ಬಿಟ್ಟ.

"ನೀನು," ಅಂದ.